ಎಂ.ಎಚ್.ಎ.ಗೆ ಸಾಲ ಮಾಡುವ ಮುಂಚೆ

ಹಾಸನ ಕಡೆಯ ಓದುಗಿಯೊಬ್ಬರು ಪತ್ರ ಬರೆದಿದ್ದಾರೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಟು ವರ್ಷದಿಂದ ಸ್ಟಾಫ್ ನರ್ಸ್. ಇನ್‌ಚಾರ್ಜ್ ರಜೆ ಹಾಕಿದಾಗ ವಾರ್ಡ್ ನಡೆಸುವವರೂ ಇವರೇ. ನೈಟ್ ಡ್ಯೂಟಿ ಸಾಕಾಗಿದೆಯಂತೆ. ಆಡಳಿತದ ಕಡೆ ಹೋಗುವ ಆಸೆ. ಸಾಲ ಮಾಡಿ ಎರಡು ವರ್ಷದ ಎಂ.ಎಚ್.ಎ. (ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ) ಮಾಡಲಾ, ಅಥವಾ ಡಾಕ್ಟರ್ ಅಲ್ಲದವರಿಗೆ ಆಸ್ಪತ್ರೆಯಲ್ಲಿ ಮೇಲೆ ಹೋಗುವ ದಾರಿಯೇ ಇಲ್ವಾ ಅಂತ ಕೇಳಿದ್ದಾರೆ.

ನಮಸ್ಕಾರ. ಸುತ್ತಿ ಬಳಸದೆ ಹೇಳುತ್ತೇನೆ, ಈಗಲೇ ಸಾಲ ಮಾಡಬೇಡಿ. ಮೊದಲು ನಿಮ್ಮ ಆಸ್ಪತ್ರೆಯಲ್ಲೇ ಆಡಳಿತಕ್ಕೆ ಅಂಟಿಕೊಂಡ ಒಂದು ಕೆಲಸ ಕೇಳಿ ಪಡೆಯಿರಿ, ಒಂದು ವರ್ಷ ಮಾಡಿ ನೋಡಿ. ಆಮೇಲೂ ಓದಬೇಕು ಅನ್ನಿಸಿದರೆ ಧಾರಾಳವಾಗಿ ಓದಿ.

ಆಡಳಿತ ಅಂದರೆ ಏಸಿ ರೂಮು, ಲ್ಯಾಪ್‌ಟಾಪ್, ಮೀಟಿಂಗು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನೀವು ಹಾಗೆ ಅಂದುಕೊಳ್ಳಬೇಕಿಲ್ಲ, ಯಾಕಂದರೆ ದಿನಾ ಡಿಸ್ಚಾರ್ಜ್ ಅನ್ನೋ ರಗಳೆ ಕಣ್ಣಾರೆ ನೋಡುತ್ತೀರಿ. ಬೆಳಗ್ಗೆ ಹತ್ತಕ್ಕೆ ರೌಂಡ್ಸ್‌ಗೆ ಬಂದ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಅಂತಾರೆ. ಮನೆಯವರು ಬ್ಯಾಗು ಕಟ್ಟಿ ಕೂರುತ್ತಾರೆ. ಸಮ್ಮರಿ ಬರೆಯಬೇಕಾದ ಡ್ಯೂಟಿ ಡಾಕ್ಟರು ಎಮರ್ಜೆನ್ಸಿಗೆ ಹೋಗಿರುತ್ತಾರೆ, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಲೆಕ್ಕ ಆಗಬೇಕು, ಯಾವುದೋ ಒಂದು ಲ್ಯಾಬ್ ರಿಪೋರ್ಟ್ ಬಂದಿರಲ್ಲ, ಬಿಲ್ಲಿಂಗ್‌ನವರು ಫೈಲ್ ಇನ್ನೂ ಕೆಳಗೆ ಬಂದಿಲ್ಲ ಅಂತಾರೆ, ಇಷ್ಟೆಲ್ಲ ಆದ ಮೇಲೆ ಇನ್ಶೂರೆನ್ಸ್‌ನವರು ಒಂದು ಪ್ರಶ್ನೆ ಕೇಳಿ ಮೇಲ್ ಹಾಕುತ್ತಾರೆ. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಅಂತ 2024ರಲ್ಲಿ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೇಳಿದೆ. ಸರಿ. ಆದರೆ ಆ ಕೋರಿಕೆ ಆಸ್ಪತ್ರೆಯಿಂದ ಹೊರಡುವುದೇ ಮಧ್ಯಾಹ್ನ ಎರಡಕ್ಕಾದರೆ? ಸಂಜೆ ಐದಾದರೂ ರೋಗಿ ಮಂಚದ ಮೇಲೇ ಇರುತ್ತಾರೆ, ಕೆಳಗೆ ಕ್ಯಾಶುಯಲ್ಟಿಯಲ್ಲಿ ಇನ್ನೊಬ್ಬರು ಅದೇ ಬೆಡ್‌ಗೆ ಕಾಯುತ್ತಿರುತ್ತಾರೆ, ಬೈಗುಳ ಮಾತ್ರ ನಿಮಗೆ.

ಈ ಗಂಟು ಎಲ್ಲಿ ಬಿದ್ದಿದೆ ಅಂತ ಹುಡುಕಿ ಬಿಡಿಸುವುದೇ ಆಡಳಿತ. ಕಾಲೇಜಿನಿಂದ ನೇರ ಬಂದ ಹುಡುಗನಿಗೆ ಇದು ಗೊತ್ತಾಗಲು ವರ್ಷ ಬೇಕು. ನಿಮಗೆ ಈಗಲೇ ಗೊತ್ತು.

ಡಾಕ್ಟರ್ ಅಲ್ಲದವರ ವಿಚಾರ. ಮೆಡಿಕಲ್ ಸೂಪರಿಂಟೆಂಡೆಂಟ್ ಕುರ್ಚಿ ಡಾಕ್ಟರಿಗೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆ ಒಂದೇ ಕುರ್ಚಿಯ ಮೇಲೆ ನಡೆಯುವುದಿಲ್ಲ. ಮದುರೆಯ ಅರವಿಂದ ಕಣ್ಣಾಸ್ಪತ್ರೆ ನೋಡಿ. 1976ರಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಡಾ. ಗೋವಿಂದಪ್ಪ ವೆಂಕಟಸ್ವಾಮಿ 11 ಹಾಸಿಗೆ ಇಟ್ಟುಕೊಂಡು ಶುರು ಮಾಡಿದ್ದು. ಅಲ್ಲಿ ಒಂದು ಆಪರೇಷನ್ ನಡೆಯುತ್ತಿರುವಾಗಲೇ ಪಕ್ಕದ ಟೇಬಲ್ ಮೇಲೆ ಮುಂದಿನ ರೋಗಿ ತಯಾರಾಗಿರುತ್ತಾರೆ, ಸರ್ಜನ್ ಆ ಕಡೆ ತಿರುಗಿದರೆ ಸಾಕು. ತಯಾರಿ ಮಾಡುವವರು ಹೆಚ್ಚಾಗಿ ಹಳ್ಳಿಗಳಿಂದ ಬಂದು ಅಲ್ಲೇ ತರಬೇತಿ ಪಡೆದ ಹೆಣ್ಣುಮಕ್ಕಳು. ಇಂಥ ವ್ಯವಸ್ಥೆ ಕಟ್ಟಿ ಬೆಳೆಸಿದವರಲ್ಲಿ ಆರ್.ಡಿ. ತುಲಸಿರಾಜ್ ಒಬ್ಬರು. ಅವರು ಡಾಕ್ಟರಲ್ಲ, ಕೋಲ್ಕತ್ತದ ಐಐಎಂನಲ್ಲಿ ಓದಿದವರು.

ನಮ್ಮ ಜಯದೇವ ಆಸ್ಪತ್ರೆಯದು ಇನ್ನೊಂದು ಬಗೆ. 2024ರ ಜನವರಿಯವರೆಗೆ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಹೃದ್ರೋಗ ತಜ್ಞರು ನಿಜ. ಆದರೆ ಜನ ಅವರನ್ನು ನೆನೆಯುವುದು ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಅನ್ನುವ ನಿಯಮಕ್ಕೆ. ಅದು ಯಾವ ಮೆಡಿಕಲ್ ಪುಸ್ತಕದಲ್ಲೂ ಇಲ್ಲ, ಬಿಲ್ಲಿಂಗ್ ಕೌಂಟರ್‌ಗೆ ಕೊಟ್ಟ ಆಜ್ಞೆ ಅದು. ಅಪ್ಪಟ ಆಡಳಿತ.

ನಿಮಗೆ ಹತ್ತಿರದ ಬಾಗಿಲು ಯಾವುದು? ನನ್ನ ಕೇಳಿದರೆ ಕ್ವಾಲಿಟಿ ವಿಭಾಗ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಮಂಡಳಿ) ಮಾನ್ಯತೆ ಇರುವ, ಇಲ್ಲವೇ ಪಡೆಯಲು ಒದ್ದಾಡುತ್ತಿರುವ ಆಸ್ಪತ್ರೆಗಳಲ್ಲೆಲ್ಲ ಇದು ಇದೆ. ಎಷ್ಟು ರೋಗಿಗಳು ಬಿದ್ದರು, ಎಷ್ಟು ಜನಕ್ಕೆ ಮಲಗಿ ಮಲಗಿ ಹುಣ್ಣು (ಬೆಡ್‌ಸೋರ್) ಆಯಿತು, ಔಷಧಿ ಕೊಡುವಾಗ ಏನು ತಪ್ಪಾಯಿತು, ಯಾರಿಗೆ ಸೂಜಿ ಚುಚ್ಚಿತು, ಎಲ್ಲ ಲೆಕ್ಕ ಇಟ್ಟು ಯಾಕೆ ಹೀಗಾಯಿತು ಅಂತ ಕೇಳುವ ಕೆಲಸ. ವಾರ್ಡಿನಲ್ಲಿ ದುಡಿದವರು ಕೇಳಿದರೆ ನರ್ಸ್‌ಗಳು ನಿಜ ಹೇಳುತ್ತಾರೆ, ಬೇರೆಯವರು ಕೇಳಿದರೆ ರಿಜಿಸ್ಟರ್ ತುಂಬಿಸಿ ಕೊಡುತ್ತಾರೆ! ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಹುದ್ದೆಯೂ ಒಳ್ಳೆಯದೇ. ಐಸಿಯು, ಓಟಿ, ಲಾಂಡ್ರಿ, ಅಡುಗೆಮನೆ, ಹಳದಿ ಕೆಂಪು ಚೀಲದ ಕಸ, ಹೀಗೆ ಇಡೀ ಆಸ್ಪತ್ರೆ ಸುತ್ತಬಹುದು. ಇನ್ಶೂರೆನ್ಸ್ ಡೆಸ್ಕ್ ಬೇಡ ಅನ್ನುವುದಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ, ಆಯುಷ್ಮಾನ್ ಯೋಜನೆಯ ಕ್ಲೇಮ್ ಯಾಕೆ ತಿರಸ್ಕಾರ ಆಗುತ್ತದೆ ಅನ್ನುವುದು ಅಲ್ಲಿ ಕೂತರೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಲ್ಲೇ ಉಳಿದುಬಿಡಬೇಡಿ.

ಸರ್ಕಾರಿ ಕಡೆ ಲೆಕ್ಕ ಬೇರೆ. ಅಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ತನಕ ಹೋಗುವುದು ಸೇವಾ ಹಿರಿತನದಿಂದ, ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ ಅಂದರೆ ಡಾಕ್ಟರೇ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕಾರ್ಯಕ್ರಮ ವ್ಯವಸ್ಥಾಪಕರ ಹುದ್ದೆಗಳಿವೆ, ಆದರೆ ಗುತ್ತಿಗೆ ಕೆಲಸ.

ಇನ್ನು ಓದಿನ ಮಾತು. ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲೇ ಎಂ.ಎಚ್.ಎ. ಇದೆ, ಮಣಿಪಾಲದಲ್ಲಿದೆ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದೆ (ಟಿಸ್). ಕೆಲಸ ಬಿಡದೆ ಓದಬೇಕು ಅಂದರೆ ಇಂದಿರಾ ಗಾಂಧಿ ಮುಕ್ತ ವಿವಿಯಲ್ಲಿ (ಇಗ್ನೋ) ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಪಿ.ಜಿ. ಡಿಪ್ಲೊಮಾ ಇದೆ. ನಿಮ್ಮ ಪರಿಸ್ಥಿತಿಗೆ ಅದನ್ನೇ ಮೊದಲು ವಿಚಾರಿಸಿ. ಯಾವ ಕಾಲೇಜೇ ಆಗಲಿ, ಹಿಂದಿನ ಬ್ಯಾಚಿನ ಇಬ್ಬರು ಈಗ ಎಲ್ಲಿ, ಯಾವ ಕೆಲಸ ಮಾಡುತ್ತಿದ್ದಾರೆ ಅಂತ ಅವರನ್ನೇ ಕೇಳಿ. ಬ್ರೋಶರ್‌ನಲ್ಲಿ ಎಲ್ಲರೂ ಮ್ಯಾನೇಜರ್‌ಗಳೇ. ನಿಜದಲ್ಲಿ ಹಲವರು ಫ್ರಂಟ್ ಆಫೀಸ್‌ನಲ್ಲಿ ಎಕ್ಸಿಕ್ಯುಟಿವ್ ಆಗಿ ಶುರು ಮಾಡುತ್ತಾರೆ, ಅವರ ಮೊದಲ ಸಂಬಳ ನಿಮ್ಮ ಈಗಿನ ಸಂಬಳಕ್ಕಿಂತ ಜಾಸ್ತಿಯೇ ಇರುತ್ತದೆ ಅಂತೇನಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ನೈಟ್ ಡ್ಯೂಟಿ ತಪ್ಪಿಸಿಕೊಳ್ಳಲು ಮಾತ್ರ ಈ ಕಡೆ ಬರುವುದಾದರೆ ಇನ್ನೊಮ್ಮೆ ಯೋಚಿಸಿ. ರಾತ್ರಿ ಎರಡಕ್ಕೆ ಲಿಫ್ಟ್ ಕೆಟ್ಟರೂ, ರೋಗಿ ತೀರಿಕೊಂಡು ನೆಂಟರು ಗಲಾಟೆ ಮಾಡಿದರೂ ಫೋನು ಬರುವುದು ಆಡಳಿತದವರಿಗೇ. ನಿನ್ನೆಯವರೆಗೆ ಜೊತೆಗೆ ಟೀ ಕುಡಿದ ನರ್ಸ್‌ಗಳು "ಈಗ ಮ್ಯಾನೇಜ್‌ಮೆಂಟ್ ಕಡೆ" ಅಂತ ನಿಮ್ಮ ಮುಂದೆ ಮಾತು ನಿಲ್ಲಿಸುತ್ತಾರೆ. ಮಾಲೀಕರು ಖರ್ಚು ಕಡಿಮೆ ಮಾಡಿ ಅಂತಾರೆ, ಕನ್ಸಲ್ಟೆಂಟ್ ಡಾಕ್ಟರುಗಳು ನಿಮ್ಮ ಮಾತು ಕೇಳುವುದಿಲ್ಲ, ಸಿಬ್ಬಂದಿ ಕಡಿಮೆ ಇದ್ದಾಗ ರೋಸ್ಟರ್ ಹಾಕಿ ಬೈಸಿಕೊಳ್ಳುವವರು ನೀವೇ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕೆಲವರಿಗೆ ಇದೇ ಇಷ್ಟವಾಗುತ್ತದೆ, ನೀವೂ ಅವರಲ್ಲೊಬ್ಬರಿರಬಹುದು ಅಂತ ಪತ್ರ ಓದಿ ಅನ್ನಿಸಿತು. ವಾರ್ಡಿನ ಸ್ಟಾಕ್ ರಿಜಿಸ್ಟರ್ ನೀವೇ ಹೊಸದಾಗಿ ಮಾಡಿಸಿದ್ದನ್ನು ಅರ್ಧ ಪುಟ ಬರೆದಿದ್ದೀರಿ, ನೈಟ್ ಡ್ಯೂಟಿ ಬಗ್ಗೆ ಎರಡೇ ಸಾಲು.

ಹಾಗಾಗಿ ಒಂದು ತಿಂಗಳು ನಿಮ್ಮ ವಾರ್ಡಿನ ಪ್ರತಿ ಡಿಸ್ಚಾರ್ಜಿನ ಸಮಯ ಬರೆದಿಡಿ. ಡಾಕ್ಟರ್ ಹೇಳಿದ್ದು ಎಷ್ಟಕ್ಕೆ, ಸಮ್ಮರಿ ಎಷ್ಟಕ್ಕೆ, ಬಿಲ್ ಎಷ್ಟಕ್ಕೆ, ರೋಗಿ ಹೊರಟಿದ್ದು ಎಷ್ಟಕ್ಕೆ. ರೋಗಿಗಳ ಹೆಸರು ಬೇಡ. ಆ ಹಾಳೆ ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಹೋಗಿ ಕ್ವಾಲಿಟಿಗೆ ಹಾಕಿ ಅಂತ ಕೇಳಿ. ಅವರು ಆಗಲ್ಲ ಅಂದರೆ, ಬೇರೆ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ನೀವು ಏನು ಮಾಡಿದಿರಿ ಅಂತ ಹೇಳಲು ಅದೇ ಲೆಕ್ಕ ಸಾಕು. ಏನಾಯಿತು ಅಂತ ನಮಗೂ ಬರೆಯಿರಿ.

– ಸಂಪಾದಕರು