ನೀವು ಕೇಳಿದ್ದು: ಲ್ಯಾಬ್ರಡಾರಿಗೆ ಬಾತು ಬೇಟೆ ಕಲಿಸಬಹುದಾ?

ಪ್ರಶ್ನೆ: ನಮ್ಮದು ಕಾಫಿ ತೋಟ. ಹತ್ತು ತಿಂಗಳ ಗಂಡು ಲ್ಯಾಬ್ರಡಾರ್ ಇದೆ, ಹೆಸರು ಟೈಗರ್. ತೋಟದ ಕೆರೆಗೆ ವರಟೆ, ಸಿಳ್ಳೆಬಾತು ಬಂದು ಕೂತರೆ ಸಾಕು, ದಡದಲ್ಲಿ ನಿಂತು ನಡುಗುತ್ತಾನೆ. ನಮ್ಮಜ್ಜ ಇದೇ ಕೆರೆಯಲ್ಲಿ ಬಾತು ಹೊಡೆಯುತ್ತಿದ್ದರಂತೆ, ನಾಯಿ ಈಜಿ ಹೋಗಿ ತರುತ್ತಿತ್ತಂತೆ. ಮನೆಯಲ್ಲಿ ಲೈಸೆನ್ಸ್ ಇರುವ ಕೋವಿಯೂ ಇದೆ. ಇವನಿಗೂ ಕಲಿಸಬಹುದಾ? ಸದ್ಯಕ್ಕಂತೂ ಚೆಂಡು ಎಸೆದರೆ ಕಚ್ಚಿಕೊಳ್ಳುತ್ತಾನೆ, ಕೊಡುವುದಿಲ್ಲ, ತೋಟವೆಲ್ಲ ಓಡಾಡಿಸುತ್ತಾನೆ.
– ಹೆಸರು ಬೇಡ ಎಂದವರು, ಮೂಡಿಗೆರೆ

ಉತ್ತರ: ಮೊದಲು ಕೋವಿ ವಿಷಯ ಮುಗಿಸೋಣ. ಅದು ಬೀರುವಿನಲ್ಲೇ ಇರಲಿ.

ನಿಮ್ಮಜ್ಜನ ಕಾಲ ಬೇರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದಾದ ಮೇಲೂ ಸಣ್ಣ ಬೇಟೆಗೆ ಲೈಸೆನ್ಸ್ ಅಂತ ಒಂದು ದಾರಿ ಇತ್ತು, 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. ನಿಮ್ಮ ಹತ್ತಿರ ಇರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅಷ್ಟೇ. ಕೆರೆ ನಿಮ್ಮ ಜಮೀನಿನಲ್ಲೇ ಇರಬಹುದು, ಹಕ್ಕಿ ನಿಮ್ಮದಲ್ಲ. ನಾಯಿ ಬಿಟ್ಟು ಅಟ್ಟಿಸಿ ಹಿಡಿಸುವುದು, ಹಿಡಿಸಲು ನೋಡುವುದು, ಎಲ್ಲವೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಕೇಸು ಸಾಬೀತಾದರೆ ಜೈಲು, ದಂಡ ಇದ್ದದ್ದೇ, ಜೊತೆಗೆ ಕೋರ್ಟು ಕೋವಿ ಲೈಸೆನ್ಸ್ ರದ್ದು ಮಾಡಬಹುದು, ಆಮೇಲೆ 5 ವರ್ಷ ಮತ್ತೆ ಸಿಗುವುದಿಲ್ಲ. ತೋಟದ ಮನೆಯವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಈಗ ಟೈಗರ್. ಅವನ ನಡುಕ ಸಹಜ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ತಣ್ಣೀರಿನಲ್ಲಿ ದುಡಿಯುತ್ತಿದ್ದ ನಾಯಿಗಳ ವಂಶ ಅದು. ಬ್ರಿಟನ್ನಿನವರು ಅವನ್ನು ತರಿಸಿಕೊಂಡು, ಹೊಡೆದ ಹಕ್ಕಿ ಹೆಕ್ಕಿ ತರುವ ಕೆಲಸಕ್ಕೆ ಪಳಗಿಸಿದರು. ಅಲ್ಲಿನ ಕೆನಲ್ ಕ್ಲಬ್ 1903ರಲ್ಲಿ ಇದನ್ನು ತಳಿ ಎಂದು ಒಪ್ಪಿತು. ಅವನ ಪಾದ ಹಿಡಿದು ಬೆರಳು ಅಗಲಿಸಿ ನೋಡಿ, ನಡುವೆ ಚರ್ಮ ಕಾಣುತ್ತದೆ. ಬಾಲ ಬುಡದಲ್ಲಿ ದಪ್ಪ, ತುದಿಗೆ ಸಣ್ಣ, ಈಜುವಾಗ ಅದೇ ಚುಕ್ಕಾಣಿ. ಆದರೆ ಹಕ್ಕಿ ಕೊಲ್ಲುವುದು ಈ ನಾಯಿಯ ಕೆಲಸ ಯಾವತ್ತೂ ಆಗಿರಲಿಲ್ಲ. ಸುಮ್ನೆ ಕೂತು ಕಾಯಬೇಕು, ಬಿದ್ದ ಜಾಗ ನೆನಪಿಡಬೇಕು, ಹಲ್ಲು ನಾಟದ ಹಾಗೆ ತಂದು ಕೈಗೆ ಕೊಡಬೇಕು. ಇಷ್ಟು ಕಲಿಸಲು ಹಕ್ಕಿ ಬೇಡ, ಹಳೇ ಜೀನ್ಸ್ ಪ್ಯಾಂಟ್ ಸಾಕು.

ಪ್ಯಾಂಟಿನ ಕಾಲನ್ನು ಒಂದೂವರೆ ಗೇಣು ಕತ್ತರಿಸಿ, ಒಳಗೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಇಡಿ, ಸುತ್ತ ಚಿಂದಿ ತುರುಕಿ ಎರಡೂ ಕಡೆ ಗಟ್ಟಿಯಾಗಿ ಹೊಲಿಯಿರಿ. ತೇಲುತ್ತದೆ, ಬಾಯಿಗೂ ಮೆತ್ತಗಿರುತ್ತದೆ. ಗರಿ ಕಟ್ಟುವ ಆಸೆಯಿದ್ದರೆ ನಾಟಿಕೋಳಿಯದ್ದು ಕಟ್ಟಿ. ಇದು ಆಟದ ಸಾಮಾನಲ್ಲ, ಪಾಠ ಮುಗಿದ ಕೂಡಲೇ ಮೇಲೆ ಎತ್ತಿಡಿ.

ಶುರು ಮಾಡಬೇಕಾದ್ದು ಕೆರೆಯಲ್ಲಲ್ಲ, ಗೋಡೌನ್ ಪಕ್ಕದ ಓಣಿಯಲ್ಲಿ. ಒಂದು ಕಡೆ ಮುಚ್ಚಿದ ಓಣಿಯಾದರೆ ವಾಸಿ, ವಾಪಸ್ ಬರಬೇಕೆಂದರೆ ನಿಮ್ಮನ್ನು ದಾಟಿಯೇ ಬರಬೇಕು. ಹಿಂದೆ ಓಡಬೇಡಿ, ನೀವು ಓಡಿದರೆ ಅವನಿಗೆ ಅದೇ ಆಟ, ಈಗ ತೋಟದಲ್ಲಿ ನಡೆಯುತ್ತಿರುವುದೂ ಅದೇ. ಬೆನ್ನು ತಿರುಗಿಸಿ ಆ ಕಡೆ ನಡೆದುಬಿಡಿ, ಬರುತ್ತಾನೆ. ಬಂದ ತಕ್ಷಣ ಕಸಿದುಕೊಳ್ಳಬೇಡಿ. ಬಾಯಲ್ಲಿ ಇರುವಾಗಲೇ ಎದೆ ಸವರಿ, ಮೂಗಿನ ಹತ್ತಿರ ಒಂದು ಚೂರು ಬೇಯಿಸಿದ ಕೋಳಿ ಹಿಡಿಯಿರಿ, ಬಾಯಿ ಬಿಡುವ ಹೊತ್ತಿಗೆ ‘ಕೊಡು’ ಅನ್ನಿ. ಹಗ್ಗಜಗ್ಗಾಟ ಬೇಡವೇ ಬೇಡ, ಅದರಿಂದ ಹಿಡಿತ ಬಿಗಿಯಾಗುತ್ತದೆ. ಮೂರ್ನಾಲ್ಕು ಸಲ ಎಸೆದು, ಇನ್ನೂ ಬೇಕು ಅಂತ ನೋಡುತ್ತಿರುವಾಗಲೇ ನಿಲ್ಲಿಸಿ. ಕೊಡಲು ಕಲಿತ ಮೇಲೆ ಕಾಯುವುದು. ಕೂರಿಸಿ, ಪಟ್ಟಿ ಹಿಡಿದು ಎಸೆಯಿರಿ, ಸ್ವಲ್ಪ ಹೊತ್ತು ತಡೆದು ಬಿಡಿ. ಆಗಾಗ ಅವನನ್ನು ಕೂರಿಸಿ ನೀವೇ ಹೋಗಿ ತನ್ನಿ. ಮುಖ ಸಣ್ಣದು ಮಾಡುತ್ತಾನೆ, ಮಾಡಲಿ.

ನೀರಿಗೆ ಇಳಿಸುವಾಗ ಇಳಿಜಾರಿನ ದಡ ನೋಡಿ, ಎತ್ತಿ ಎಸೆಯಬೇಡಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರವೂ ಬಿಡಬೇಡಿ. ಎಷ್ಟು ಚೆನ್ನಾಗಿ ಈಜಿದರೂ ಪಾಚಿ ಕಟ್ಟಿದ ಶೀಟಿನ ಮೇಲೆ ಉಗುರು ನಿಲ್ಲುವುದಿಲ್ಲ, ಹತ್ತಿ ಜಾರಿ, ಹತ್ತಿ ಜಾರಿ, ಸುಸ್ತಾಗಿ ಮುಳುಗುತ್ತವೆ. ಹೊಂಡ ಇದ್ದರೆ ಬೇಲಿ ಹಾಕಿ, ಹಳೇ ಟೈರುಗಳನ್ನು ಸಾಲಾಗಿ ಕಟ್ಟಿ ಒಳಗೆ ಇಳಿಬಿಡಿ. ಬಾತು ಕೂತಿರುವ ದಿನ ಕೆರೆ ಅವಕ್ಕೇ ಇರಲಿ. ಮಳೆಗಾಲದಲ್ಲಿ ಸಿಳ್ಳೆಬಾತು ಮರಿ ಮಾಡುವ ಹೊತ್ತಿನಲ್ಲಂತೂ ಆ ಕಡೆ ಹೋಗಲೇಬೇಡಿ.

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ ನಮ್ಮ ಗೋಲ್ಡನ್ ರಿಟ್ರೀವರ್ ಭಾನುವಾರವೆಲ್ಲ ಈಜಿತು. ಮರುದಿನದಿಂದ ಬಾಲ ಜೋತುಬಿದ್ದಿದೆ, ಮುಟ್ಟಿದರೆ ಕೂಗುತ್ತದೆ. ಮುರಿದಿದೆಯಾ?
– ಓದುಗರು, ಹಾಸನ

ಉತ್ತರ: ಬುಡದಲ್ಲಿ ಸ್ವಲ್ಪ ದೂರ ನೆಟ್ಟಗಿದ್ದು, ಅಲ್ಲಿಂದ ಕೆಳಗೆ ಜೋತುಬಿದ್ದಿದ್ದರೆ ಬಹುಶಃ ಸ್ನಾಯು ನೋವು. ತಣ್ಣೀರಿನಲ್ಲಿ ಜಾಸ್ತಿ ಈಜಿದ ನಾಯಿಗಳಲ್ಲಿ ಇದು ಕಾಣುತ್ತದೆ, ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಆದರೂ ಪೆಟ್ಟು ಬಿದ್ದಿಲ್ಲ ಅಂತ ಒಮ್ಮೆ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ನಮಗೆ ಒಗ್ಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳುಮಾಡುತ್ತದೆ.

ಪ್ರಶ್ನೆ: ಕೆರೆಗೆ ಬಿಡುವ ಮುಂಚೆ ಮರಿಗೆ ಏನಾದರೂ ಲಸಿಕೆ ಬೇಕಾ?
– ಓದುಗರು, ಬೇಲೂರು

ಉತ್ತರ: ಬೇಕು. ಇಲಿಜ್ವರದ ರೋಗಾಣು ನಿಂತ ನೀರಿನಲ್ಲಿ ಇರುತ್ತದೆ, ನಾಯಿಯಿಂದ ನಮಗೂ ಬರಬಹುದು. ಹಾಕಿಸಿದ ಲಸಿಕೆಯಲ್ಲಿ ಅದು ಸೇರಿದೆಯಾ ಅಂತ ಕಾರ್ಡ್ ನೋಡಿ ಕೇಳಿ. ಈಜಿ ಬಂದ ಮೇಲೆ ಜೋಲು ಕಿವಿ ಎತ್ತಿ ಒಣಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ವಾಸನೆ, ತುರಿಕೆ ಶುರುವಾಗುತ್ತದೆ. ಹಾಗೇ ಬೆರಳ ಸಂದಿಯಲ್ಲಿ ಜಿಗಣೆ, ಕತ್ತಿನ ಪಟ್ಟಿಯ ಕೆಳಗೆ ಉಣ್ಣೆ ಇದೆಯಾ ನೋಡಿ.