ದೋಣಿಯಲ್ಲಿದ್ದವರನ್ನು ಕೇಳಿ ನೋಡಿ

ಕರಾವಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಳೆದ ಮಳೆಗಾಲದಲ್ಲಿ ಅವರ ಗಂಡನಿಗೆ ಲಕ್ವ ಹೊಡೆಯಿತು. ಅಂದಿನಿಂದ ಹಾಸಿಗೆಯಲ್ಲೇ ಇದ್ದಾರೆ. ಪತ್ರ ಬರೆದ ಇವರು ಇಪ್ಪತ್ತು ವರ್ಷ ಚರ್ಚಿನ ಕಾಯರಿನಲ್ಲಿ ಹಾಡಿದವರು. ಈಗ ಬಾಯಿ ತೆರೆದರೆ ಸ್ವರವೇ ಹೊರಡುವುದಿಲ್ಲವಂತೆ. ಬಿರುಗಾಳಿಯಲ್ಲೂ ಸೌಂದರ್ಯ ಕಾಣಬೇಕು ಎಂದು ನಮ್ಮ ಹಿಂದಿನ ಸಂಚಿಕೆಯ ಧ್ಯಾನದ ಲೇಖನದಲ್ಲಿ ಬರೆದಿತ್ತು. ಅದನ್ನು ಓದಿ ಇವರಿಗೆ ಸಿಟ್ಟು ಬಂದಿದೆ. “ಬಿರುಗಾಳಿಯನ್ನು ಚೆಂದ ಅನ್ನುವವರು ದಡದಲ್ಲಿ ನಿಂತಿರುತ್ತಾರೆ. ದೋಣಿಯಲ್ಲಿದ್ದವರನ್ನು ಕೇಳಿ ನೋಡಿ. ಅಥವಾ ನನ್ನ ನಂಬಿಕೆಯೇ ಸಣ್ಣದಾಯಿತಾ?” ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ಆ ಧ್ಯಾನವನ್ನು ಅಚ್ಚಿಗೆ ಕಳಿಸಿದವನು ನಾನೇ. ಓದಲು ಹಿತವಾಗಿತ್ತು, ಹಾಗೇ ಬಿಟ್ಟೆ. ಕಾಯಿಲೆಯವರ ಹಾಸಿಗೆ ಪಕ್ಕ ಕೂತು ಅದನ್ನು ಓದುವವರೂ ಇರುತ್ತಾರೆ ಅಂತ ಹೊಳೆಯಲಿಲ್ಲ. ತಪ್ಪಾಯಿತು.

ನೀವು ದೋಣಿಯ ಮಾತೆತ್ತಿದ್ದಕ್ಕೆ ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯವನ್ನು ಮತ್ತೆ ತೆರೆದೆ. ಯೇಸು ಮತ್ತು ಶಿಷ್ಯರ ದೋಣಿ ಗಲಿಲಾಯ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ ಕಥೆ ಅಲ್ಲಿದೆ. ಗಲಿಲಾಯ ಸಮುದ್ರ ಅನ್ನುತ್ತೇವೆ, ನಿಜಕ್ಕೂ ಅದೊಂದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಜಾಸ್ತಿ ತಗ್ಗಿನಲ್ಲಿದೆ, ಸುತ್ತ ಗುಡ್ಡ. ಗುಡ್ಡದ ಮೇಲಿನ ತಣ್ಣನೆ ಗಾಳಿ ಕೆಳಗಿನ ಬಿಸಿಗಾಳಿಯ ಮೇಲೆ ನುಗ್ಗಿತೆಂದರೆ ಸುಮ್ಮನಿದ್ದ ನೀರು ನೋಡನೋಡುತ್ತಲೇ ಏಳುತ್ತದೆ. ಶಿಷ್ಯರಲ್ಲಿ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಅದೇ ನೀರಲ್ಲಿ ಬಲೆ ಬೀಸಿದವರು. ಅಂಥವರೇ ಹೆದರಿದ್ದರು. ನಮ್ಮ ಮೊಗವೀರರು ಹೆದರಬೇಕಾದರೆ ಗಾಳಿ ಎಂಥದ್ದಿರಬೇಕು, ನಿಮಗೇ ಗೊತ್ತು.

ಅವರು ಏನು ಮಾಡಿದರು? ಚೆಂದ ನೋಡುತ್ತಾ ಕೂರಲಿಲ್ಲ. ಹಾಡಲೂ ಇಲ್ಲ. ಹಿಂಬದಿಯಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ ಯೇಸುವನ್ನು ಎಬ್ಬಿಸಿ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಎಂದು ಕೇಳಿದರು. ಇದು ಪ್ರಾರ್ಥನೆಯ ಧಾಟಿಯಲ್ಲ, ದೂರು. ಆತನು ಎದ್ದದ್ದು ಆ ದೂರು ಕೇಳಿಯೇ.

ನಿಮಗೆ ಇನ್ನೂ ನಂಬಿಕೆಯಿಲ್ಲವೇ ಎಂದು ಆತನು ಅವರನ್ನು ಕೇಳಿದ್ದೂ ಉಂಟು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾರ್ಕನ ಪ್ರಕಾರ ಮೊದಲು ಗಾಳಿಯನ್ನು ನಿಲ್ಲಿಸಿ, ಆಮೇಲೆ ಆ ಮಾತು. ಮತ್ತಾಯನ ಸುವಾರ್ತೆಯಲ್ಲಿ ಇದು ಉಲ್ಟಾ ಇದೆ. ನಿಮ್ಮ ಮನೆಗೆ ಬಂದು “ದೇವರು ಪ್ರೀತಿಸಿದವರನ್ನೇ ಪರೀಕ್ಷಿಸುತ್ತಾನೆ” ಅಂತ ಪಾಠ ಹೇಳಿದವರು ಮತ್ತಾಯನನ್ನು ಮಾತ್ರ ಓದಿರಬೇಕು!

ಇನ್ನು ಹಾಡಿನ ವಿಷಯ. ಸತ್ಯವೇದದ, ಅಂದರೆ ಬೈಬಲಿನ, 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳೇ. ಬಹಳಷ್ಟು ಗೋಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತದೆ. 88ನೆಯದು ತಿರುಗುವುದಿಲ್ಲ. ಈಗ ಬೆಳಕು ಬರುತ್ತದೆ, ಈಗ ಬರುತ್ತದೆ ಅಂತ ಓದುತ್ತಾ ಹೋಗುತ್ತೀರಿ. ಅದು ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದರ ತಲೆಬರಹ ನೋಡಿದ್ದೀರಾ? ಕೋರಹೀಯರದು ಅಂತಿದೆ. ದೇವಾಲಯದಲ್ಲಿ ಹಾಡುತ್ತಿದ್ದ ಮನೆತನ ಅದು. ನಿಮ್ಮ ಕಾಯರಿನವರೇ ಅನ್ನಿ. ಅವರ ಹಾಡಿನ ಗಂಟಿನಲ್ಲಿ ಇದಕ್ಕೂ ಜಾಗ ಇತ್ತು.

ಹಾಗಾದರೆ ಚೆಂದ ಎಲ್ಲಿದೆ? ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಈ ಬಿರುಗಾಳಿಯನ್ನೇ ಬರೆದಿದ್ದಾನೆ. ದೋಣಿ ಮೇಲಕ್ಕೆದ್ದಿದೆ, ಹಾಯಿ ಹರಿದಿದೆ. ಒಬ್ಬ ಶಿಷ್ಯ ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾನೆ. ಯೇಸು, ಹನ್ನೆರಡು ಜನ ಶಿಷ್ಯರು, ಸೇರಿ ಹದಿಮೂರಾಗಬೇಕು. ಎಣಿಸಿದರೆ ಹದಿನಾಲ್ಕು ಜನ ಇದ್ದಾರೆ. ಆ ಹೆಚ್ಚಿನವನು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಟೋಪಿ ಹಿಡಿದು ನಮ್ಮನ್ನೇ ನೋಡುತ್ತಿದ್ದಾನೆ. ಅದು ರೆಂಬ್ರಾಂಟನ ಮುಖವೇ ಅನ್ನುತ್ತಾರೆ. ದಡದಲ್ಲಿ ನಿಂತು ಬರೆಯಲು ಅವನಿಗೂ ಮನಸ್ಸು ಬರಲಿಲ್ಲ, ಅಲ್ವಾ? (ಈ ಚಿತ್ರ 1990ರಲ್ಲಿ ಬಾಸ್ಟನ್ನಿನ ಮ್ಯೂಸಿಯಮ್ಮಿನಿಂದ ಕಳವಾಯಿತು. ಅಲ್ಲಿ ಈಗಲೂ ಖಾಲಿ ಚೌಕಟ್ಟನ್ನೇ ತೂಗುಹಾಕಿದ್ದಾರೆ.)

ನನಗೆ ಇದಕ್ಕಿಂತ ಇಷ್ಟವಾದದ್ದು ಒಂದು ನಿಜವಾದ ದೋಣಿ. 1986ರಲ್ಲಿ ಬರ ಬಂದು ಗಲಿಲಾಯದ ನೀರು ಇಳಿದಾಗ ಇಬ್ಬರು ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷ ಹಳೆಯದು, ಎಂಟು ಮೀಟರ್ ಉದ್ದ. ಯೇಸು ಹತ್ತಿದ್ದು ಇದನ್ನೇ ಅಂತ ಯಾರೂ ಹೇಳಲಾರರು. ಅದರ ಮರ ಪರೀಕ್ಷಿಸಿದವರಿಗೆ ಕಂಡದ್ದು ತೇಪೆಯ ಮೇಲೆ ತೇಪೆ. ಹತ್ತು ಹನ್ನೆರಡು ಜಾತಿಯ ಮರದ ತುಂಡುಗಳು. ಒಳ್ಳೇ ಹಲಗೆ ತರಲು ಗತಿಯಿಲ್ಲದ ಬಡ ಮೀನುಗಾರರಿರಬೇಕು, ಕೈಗೆ ಸಿಕ್ಕಿದ್ದನ್ನೇ ಜೋಡಿಸಿ ಮತ್ತೆ ಮತ್ತೆ ನೀರಿಗಿಳಿಸಿದ್ದಾರೆ. ಆ ಬಿರುಗಾಳಿಯಲ್ಲಿ ಚೆಂದ ಅಂತ ಏನಾದರೂ ಇದ್ದಿದ್ದರೆ ಅದು ಅಲೆಯಲ್ಲಿ ಇರಲಿಲ್ಲ, ಇಂಥ ತೇಪೆಯಲ್ಲಿತ್ತು ಅಂತ ನನಗನಿಸುತ್ತದೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಅಂಥದ್ದೊಂದು ತೇಪೆ ಇದೆ. ನೀವು ಅದನ್ನು ಹಾಗೇ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಪಕ್ಕದ ಮನೆಯ ಬ್ಯಾರಿ ಅಜ್ಜಿ ಮಧ್ಯಾಹ್ನದ ನಮಾಜ್ ಮುಗಿಸಿ ಬರುತ್ತಾರೆ. ನಿಮ್ಮ ಗಂಡನ ಹತ್ತಿರ ಒಂದು ಗಂಟೆ ಕೂರುತ್ತಾರೆ. ಜಾಸ್ತಿ ಮಾತಿಲ್ಲ. “ನೀನು ಹೋಗಿ ಮಲಗು” ಅನ್ನುತ್ತಾರೆ. ನಾಚಿಕೆಯಾಗಿ ನೀವು ಮಲಗುವುದಿಲ್ಲ, ಬಟ್ಟೆ ಒಗೆಯಲು ಹೋಗುತ್ತೀರಿ.

ಮಾರ್ಕನು ಹೇಳುವ ದೋಣಿಯಲ್ಲಿ ಒಬ್ಬರಿಗಾದರೂ ನಿದ್ದೆ ಬಂದಿತ್ತು, ಸಹೋದರಿ. ಕಾಯರಿಗೆ ಯಾವಾಗ ಹೋಗಬೇಕು ಅನಿಸುತ್ತದೋ ಆವಾಗ ಹೋಗಿ, ಅವಸರವಿಲ್ಲ. ದೂರು ಎಷ್ಟಿದ್ದರೂ ದೇವರ ಮುಂದೆ ಹೇಳಿ, ನಮಗೂ ಬರೆಯಿರಿ. ನಾಳೆ ಅಜ್ಜಿ ಬಂದಾಗ ಬಟ್ಟೆ ಬಕೆಟ್ಟಿನಲ್ಲೇ ಇರಲಿ. ಹೋಗಿ ಮಲಗಿ.

ಸಂಪಾದಕ