ಅನ್ನ ಬಿಟ್ಟು ಮುದ್ದೆ ಹಿಡಿದರೂ ಸಕ್ಕರೆ ಇಳಿದಿಲ್ಲ, ಯಾಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಅನ್ನ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಉಣ್ಣುತ್ತೇನೆ. ಆದರೂ ಊಟವಾದ ಮೇಲೆ ಸಕ್ಕರೆ 220ಕ್ಕಿಂತ ಕೆಳಗೆ ಬರುತ್ತಿಲ್ಲ. ರಾಗಿ ನನಗೆ ಒಗ್ಗುತ್ತಿಲ್ಲವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ರಾಗಿ ಬಿಡಬೇಡಿ, ಮುದ್ದೆಯ ಗಾತ್ರ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ಅಷ್ಟೇ ರಾಗಿಹಿಟ್ಟಿನಲ್ಲಿ 70ರ ಆಸುಪಾಸು. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ 100 ಗ್ರಾಂಗೆ 350 ಮಿಲಿಗ್ರಾಂನಷ್ಟು. ಅದಕ್ಕಾಗಿಯೇ ಅದು ತಟ್ಟೆಯಲ್ಲಿರಬೇಕು. ಆದರೆ ನುಣ್ಣಗೆ ಬೀಸಿದ ಹಿಟ್ಟು ನೀರಿನಲ್ಲಿ ಚೆನ್ನಾಗಿ ಬೆಂದರೆ ಅದರ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಬೆಲ್ಲ ಹಾಕಿದ ರಾಗಿ ಗಂಜಿಯಂತೂ ಇನ್ನೂ ಬೇಗ.

ನಿಮ್ಮ ಮುದ್ದೆಗೆ ಎಷ್ಟು ಹಿಟ್ಟು ಬೀಳುತ್ತದೆ ಎಂದು ಒಮ್ಮೆ ತೂಗಿ ನೋಡಿ. ದೊಡ್ಡ ಮುದ್ದೆಯೊಂದಕ್ಕೆ 100 ಗ್ರಾಂ ಮೀರುವುದುಂಟು. ಅದನ್ನು 50–60 ಗ್ರಾಂಗೆ ಇಳಿಸಿ. ಹೊಟ್ಟೆ ತುಂಬದಿದ್ದರೆ ಸಂಜೆ ಬಜ್ಜಿಗೆ ಕೈ ಹೋಗುತ್ತದೆ, ಹಾಗಾಗಿ ಕಡಿಮೆಯಾದ ಜಾಗವನ್ನು ಕಾಳು, ಸೊಪ್ಪುಗಳಿಂದ ತುಂಬಿಸಬೇಕು. ಮುದ್ದೆಯ ಜೊತೆ ತಿಳಿಸಾರು ಉಂಡರೆ ಸಿಗುವುದು ಹೆಚ್ಚಾಗಿ ಪಿಷ್ಟವೇ. ತಲಾ 30 ಗ್ರಾಂ ಹುರುಳಿಕಾಳೋ ಹೆಸರುಕಾಳೋ ಬೀಳುವಂತೆ ಸಾರು ಗಟ್ಟಿಯಾಗಿರಲಿ; ಅಷ್ಟರಲ್ಲಿ 6–7 ಗ್ರಾಂ ಪ್ರೋಟೀನ್ ಇದೆ. ಬಸ್ಸಾರು ಮಾಡಿದ ದಿನ ಬಸಿದ ಕಾಳು–ಸೊಪ್ಪಿನ ಪಲ್ಯವನ್ನು ಬದಿಗೆ ಒಂದು ಚಮಚ ಬಡಿಸಿಕೊಳ್ಳುವ ರೂಢಿ ಬಿಡಿ. ಮೊದಲು ಒಂದು ಬಟ್ಟಲು ಪಲ್ಯ ತಿಂದು, ಆಮೇಲೆ ಮುದ್ದೆ ಮುರಿಯಿರಿ. ಈ ಕ್ರಮದಿಂದಲೇ ಸಕ್ಕರೆ ಏರುವ ವೇಗ ತಗ್ಗುತ್ತದೆ. ಕೈ ತೊಳೆದ ಮೇಲೆ 15 ನಿಮಿಷ ಅಂಗಳದಲ್ಲೋ ತಾರಸಿಯಲ್ಲೋ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ, ಒಂದು ದಿನ ಹಳೆಯ ಊಟಕ್ಕೆ, ಇನ್ನೊಂದು ದಿನ ಹೊಸದಕ್ಕೆ. ಒಂದು ಎಚ್ಚರಿಕೆ: ಇನ್ಸುಲಿನ್ ಅಥವಾ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ಇಲ್ಲದಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು.

ಪ್ರಶ್ನೆ: ದಿನಾ ಸೊಪ್ಪು ತಿನ್ನುತ್ತೇನೆ, ಕಬ್ಬಿಣದ ಮಾತ್ರೆಯೂ ನಡೆದಿದೆ. ಹಿಮೋಗ್ಲೋಬಿನ್ 9.5ರಲ್ಲೇ ನಿಂತಿದೆ.
– ಗೃಹಿಣಿ, ಹಾಸನ

ಉತ್ತರ: ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ? ತಿಂಡಿಯಾದ ಕೂಡಲೇ ಕಾಫಿ, ಕಾಫಿಯ ಜೊತೆಗೇ ಮಾತ್ರೆ ಎಂದಾದರೆ ಹೆಚ್ಚಿನ ಕಬ್ಬಿಣ ಹೀರಿಕೆಯಾಗದೆ ಹೋಗುತ್ತದೆ. ಕಾಫಿ, ಟೀಗಳಲ್ಲಿರುವ ಪಾಲಿಫಿನಾಲ್‌ಗಳು ಅದನ್ನು ಕಟ್ಟಿಹಾಕುತ್ತವೆ. ಊಟ–ತಿಂಡಿಗೂ ಕಾಫಿಗೂ ಒಂದು ಗಂಟೆ, ಕಬ್ಬಿಣದ ಮಾತ್ರೆಗೂ ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ಸೊಪ್ಪಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತದು. ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅನುಕೂಲ, ಆದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಯುವಾಗ ಹಾಕಿದರೆ ಕಬ್ಬಿಣದ ಹೀರಿಕೆಗೆ ನೆರವಾಗುವ ಸಿ ಜೀವಸತ್ವ ನಷ್ಟ. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ನಿಲ್ಲಿಸುವವರು ತುಂಬ ಜನ. ಮಾತ್ರೆಯಿಂದ ಆ ಬಣ್ಣ ಬರುವುದು ಸಹಜ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದೇಹದ ದಾಸ್ತಾನು ತುಂಬುತ್ತದೆ. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದರೆ ಯಾವ ಸೊಪ್ಪೂ ಸಾಲದು. ಮೊದಲು ಅದರ ತಪಾಸಣೆಯಾಗಲಿ.

ಪ್ರಶ್ನೆ: ಬೆಳಿಗ್ಗೆ ಬಿಸಿನೀರು, ನಿಂಬೆ, ಜೇನು ಕುಡಿದರೆ ಬೊಜ್ಜು ಕರಗುತ್ತದೆಯೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ಜೇನೂ ಸಕ್ಕರೆಯೇ, ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಮೀರುತ್ತದೆ. ಬರೀ ನೀರು ಕುಡಿಯಿರಿ.

ಪ್ರಶ್ನೆ: ದಿನಾ 45 ನಿಮಿಷ ನಡೆಯುತ್ತೇನೆ. ಆದರೂ ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗುತ್ತಿಲ್ಲ. ವಯಸ್ಸು 60.
– ನಿವೃತ್ತರು, ಶಿವಮೊಗ್ಗ

ಉತ್ತರ: ನಡಿಗೆಯಿಂದ ಹೃದಯಕ್ಕೆ ಒಳ್ಳೆಯದು, ತೊಡೆಯ ಬಲಕ್ಕೆ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅಂಚಿನಲ್ಲಿ ಕೂತು, ಎದೆಯ ಮೇಲೆ ಕೈಕಟ್ಟಿ, ಉಸಿರು ಬಿಡುತ್ತ ಎದ್ದು ನಿಲ್ಲಿ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ. ಬಹಳ ಮಂದಿ ಧೊಪ್ಪೆಂದು ಕೂತುಬಿಡುತ್ತಾರೆ. ಆಗ ಇಳಿಯುವಾಗಿನ ಅರ್ಧ ವ್ಯಾಯಾಮ ಕೈತಪ್ಪುತ್ತದೆ. ಮಂಡಿಗಳು ಒಂದರ ಕಡೆಗೊಂದು ವಾಲದೆ ಪಾದದ ನೇರಕ್ಕಿರಲಿ. 8ರಿಂದ 10 ಸಲ, ಒಂದು ನಿಮಿಷ ಬಿಡುವು, ಮತ್ತೊಂದು ಸುತ್ತು. ದಿನ ಬಿಟ್ಟು ದಿನ. ಮಂಡಿ ಚುಚ್ಚಿ ನೋವಾದರೆ ಗಟ್ಟಿ ದಿಂಬು ಹಾಕಿ ಆಸನ ಎತ್ತರಿಸಿ. 12 ಸಲ ಸಲೀಸಾದ ಮೇಲೆ ಎರಡು ಕೆಜಿ ಅಕ್ಕಿ ಚೀಲವನ್ನು ಎದೆಗೆ ಅವುಚಿಕೊಂಡು ಮಾಡಿ.